ಬಾಗಿಲು ದಾಟಿದ ಮೇಲೆ

ನಾರ್ವೆ ದೇಶದ ನಾಟಕಕಾರನಾದ ಇಬ್ಸನ್ನನ ‘ಗೊಂಬೆಯ ಮನೆ’ 1879ರಲ್ಲಿ ಪ್ರಕಟವಾಯಿತು. ಪತಿಗೃಹದಲ್ಲಿ ತಾನು ಆಟದ ಗೊಂಬೆಯಂತಿದ್ದೆನೆಂದು ಅರಿತ ನಾಯಿಕೆ ನೋರಾ ಮನೆಯನ್ನು ತೊರೆಯುವಲ್ಲಿಗೆ ನಾಟಕ ಮುಗಿಯುತ್ತದೆ. ಈ ಕೃತಿಯನ್ನು ಚೀನಾ, ಕೊರಿಯಾ ದೇಶಗಳ ತರುಣರು ತಮ್ಮದೇ ಕಥೆಯೆಂಬಂತೆ ಓದಿದರು. ಸ್ತ್ರೀಯು ತಂದೆಗೆ, ಪತಿಗೆ, ವೈಧವ್ಯದಲ್ಲಿ ಮಗನಿಗೆ ಅಧೀನಳಾಗಿರತಕ್ಕದ್ದೆಂದು ಕನ್‌ಫ್ಯೂಷಿಯಸನ ಸಂಪ್ರದಾಯವು ಅಲ್ಲಿ ವಿಧಿಸಿದ್ದಿತು. ಮನುಸ್ಮೃತಿಯನ್ನು ಬಲ್ಲ ನಮಗೆ ಈ ವಿಧಿ ಅಪರಿಚಿತವಾಗಿ ತೋರದು.

ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಟೋಕಿಯೋದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದ ನಾ ಹೇಸೋಕ್ ಎಂಬಾಕೆ 1918ರಲ್ಲಿ ‘ಕ್ಯೋಂಗ್‌ಹೀ’ ಎಂಬ ಕಥೆಯನ್ನು ಬರೆದಳು. ರಜಕ್ಕೆಂದು ಮನೆಗೆ ಬಂದ ವಿದ್ಯಾರ್ಥಿನಿಯೇ ಅದರ ನಾಯಿಕೆ. ಓದಿದ ಹೆಣ್ಣು ಕೆಲಸಕ್ಕೆ ಬಾರಳೆಂಬ ಆಕ್ಷೇಪಣೆಗೆ ಅವಳು ಮಾತಿನಿಂದ ಉತ್ತರ ಕೊಡುವುದಿಲ್ಲ. ಹೊಲಿಯುತ್ತಾಳೆ, ಅಡಿಗೆ ಮಾಡುತ್ತಾಳೆ, ಮನೆಯನ್ನು ಓರಣಗೊಳಿಸುತ್ತಾಳೆ. ಆದರೆ ಸಿರಿವಂತರ ಸಂಬಂಧವನ್ನು ಒಪ್ಪೆಂದು ತಂದೆ ಬಲವಂತಪಡಿಸಿದಾಗ ನಿರಾಕರಿಸುತ್ತಾಳೆ. ಹೆಣ್ಣಾಗುವುದಕ್ಕೆ ಮೊದಲು ತಾನು ಮನುಷ್ಯಳೆಂಬುದೇ ಅವಳು ಕಂಡುಕೊಂಡ ಸತ್ಯ.

ಇಂಥ ನಿರಾಕರಣೆಯ ಮುಂದಿನ ಗತಿಯೇನೆಂದು ಕೇಳಿದವನು ಚೀನಾದ ಲು ಶುನ್. 1923ರಲ್ಲಿ ಪೆಕಿಂಗಿನ ಮಹಿಳಾ ಕಾಲೇಜೊಂದರಲ್ಲಿ ಉಪನ್ಯಾಸ ಮಾಡುತ್ತ, ಕೈಯಲ್ಲಿ ಹಣವಿಲ್ಲದ ನೋರಾಳಿಗೆ ಪತನ ಅಥವಾ ಮನೆಗೆ ಮರಳುವುದು, ಎರಡೇ ದಾರಿಗಳು ಉಳಿಯುವುವೆಂದೂ, ಆದುದರಿಂದ ಆರ್ಥಿಕ ಹಕ್ಕೇ ಮುಖ್ಯವೆಂದೂ ಆತನು ಎಚ್ಚರಿಸಿದನು. 1925ರಲ್ಲಿ ಬರೆದ ಆತನ ಕಥೆಯೊಂದರಲ್ಲಿ, ತನ್ನ ಮೇಲೆ ಯಾರಿಗೂ ಅಧಿಕಾರವಿಲ್ಲವೆಂದು ಸಾರಿದ ತರುಣಿಯೊಬ್ಬಳು ಪ್ರಿಯನೊಡನೆ ಸಂಸಾರ ಹೂಡುತ್ತಾಳೆ. ಅವನ ನೌಕರಿ ಹೋಗುತ್ತದೆ. ಬಡತನದಲ್ಲಿ ಪ್ರೇಮವೂ ಬತ್ತುತ್ತದೆ. ಅವಳು ತಂದೆಯ ಮನೆಗೆ ಹಿಂದಿರುಗಿ ಸಾಯುತ್ತಾಳೆ. ಈ ಕಥೆಯನ್ನೆಲ್ಲ ಹೇಳುವವನು ಆ ಪ್ರಿಯನೇ ಎಂಬುದನ್ನು ನಾವು ಗಮನಿಸಬೇಕು. ಪಶ್ಚಾತ್ತಾಪದ ಮಾತುಗಳೂ ಅವನವೇ. ಅವಳ ಅಂತರಂಗ ನಮಗೆ ಕೇಳಿಸುವುದೇ ಇಲ್ಲ.

ನಾ ಹೇಸೋಕಳಾದರೋ ತನ್ನ ಕಥೆಯನ್ನು ತಾನೇ ಹೇಳಿದಳು. ವಿವಾಹವಿಚ್ಛೇದನವಾದ ಬಳಿಕ 1934ರಲ್ಲಿ ತನ್ನ ಬಾಳಿನ ವೃತ್ತಾಂತವನ್ನು ಪ್ರಕಟಿಸಿ, ತಮಗಿಲ್ಲದ ಶೀಲವನ್ನು ಹೆಂಗಸರಲ್ಲಿ ಬಯಸುವ ಗಂಡಸರನ್ನು ಪ್ರಶ್ನಿಸಿದಳು. ಸಮಾಜ ಕ್ಷಮಿಸಲಿಲ್ಲ. 1948ರಲ್ಲಿ ಸಿಯೋಲಿನ ಆಸ್ಪತ್ರೆಯೊಂದರಲ್ಲಿ, ಗುರುತಿಸುವವರಿಲ್ಲದೆ, ಆಕೆ ತೀರಿಕೊಂಡಳು.

ಆಕೆಯಲ್ಲಿ ವಿದ್ಯೆಯಿದ್ದಿತು, ಕಲೆಯಿದ್ದಿತು, ಧೈರ್ಯವಿದ್ದಿತು; ಕಡೆಗಾಲದಲ್ಲಿ ನಿಲ್ಲಲು ನೆಲೆಯಿರಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಟ್ಟೆವೆಂದು ನಾವು ಹೆಮ್ಮೆಪಡುವುದುಂಟು. ಅವರು ಅದರ ಬಲದಿಂದ ನಮಗೆ ಒಪ್ಪದ ಮಾತನ್ನಾಡಿದ ದಿನವೂ ಅವರ ಅನ್ನಕ್ಕೆ, ಮಾನಕ್ಕೆ ಚ್ಯುತಿ ಬಾರದಿದ್ದರೆ ಮಾತ್ರವೇ ಆ ಹೆಮ್ಮೆ ಸಾರ್ಥಕವಾದೀತು.