ಭಾಸ್ಕರದಿಂದ ನಿಸಾರ್‌ವರೆಗೆ: ಉಡಾವಣೆಗೆ ಮುಂಚಿನ ಪರೀಕ್ಷೆಗಳು

ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಅಳಿವೆಯಂಚಿನ ಕಾಂಡ್ಲಾ ಕಾಡು, ಉಪ್ಪುನೀರಿನ ಗಜನಿ ಗದ್ದೆ, ಭಟ್ಕಳದಾಚೆಯ ಮೀನುಗಡಲು: ಇವನ್ನು ಆಕಾಶದಿಂದ ನೋಡುವುದು ಸುಲಭವಲ್ಲ. ಅಳಿವೆ ಕಿರಿದು, ಕಡಲಿನ ನೀರು ಮಬ್ಬು, ಮಳೆಗಾಲದಲ್ಲಿ ಮೋಡ ಸರಿಯುವುದೇ ಅಪರೂಪ. ಭಾರತದ ಭೂವೀಕ್ಷಣಾ ಉಪಗ್ರಹಗಳು ಈ ಮೂರು ತೊಡಕುಗಳನ್ನು ಒಂದೊಂದಾಗಿ ಎದುರಿಸಿದವು. ಉಪಕರಣ ಬದಲಾದಂತೆ ಉಡಾವಣೆಗೆ ಮುಂಚಿನ ಸಿದ್ಧತೆಯೂ ಬದಲಾಯಿತು.

ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರಲ್ಲಿ ಹಾರಿತು. ಅದರ ಬೆನ್ನಿಗೆ ಬಂದ ಭಾಸ್ಕರ-1, ಎರಡು ಟಿವಿ ಕ್ಯಾಮೆರಾ ಮತ್ತು ಮೈಕ್ರೋವೇವ್ ರೇಡಿಯೋಮೀಟರ್ ಹೊತ್ತು 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನಲ್ಲಿ ಏರಿತು. ಅದರ ಚಿತ್ರದ ಒಂದು ಚುಕ್ಕಿ ಎಂದರೆ ಸುಮಾರು 1 ಕಿ.ಮೀ. ನೆಲ, ಅಳಿವೆಯ ವಿವರ ಅದರಲ್ಲಿ ಉಳಿಯುವಂತಿರಲಿಲ್ಲ. 1988ರ ಮಾರ್ಚ್ 17ರ ಐಆರ್‌ಎಸ್-1ಎ ಸಿಸಿಡಿ ಸಂವೇದಕಗಳ ಸಾಲನ್ನು ತಂದಿತು. ಚುಕ್ಕಿ 72.5 ಮತ್ತು 36.25 ಮೀಟರಿಗೆ ಇಳಿಯಿತು. ಸಾಲಿನ ಸಂವೇದಕಗಳೆಲ್ಲ ಒಂದೇ ಬೆಳಕಿಗೆ ಒಂದೇ ಬೆಲೆ ಕೊಡದಿದ್ದರೆ ಚಿತ್ರದುದ್ದಕ್ಕೂ ಪಟ್ಟೆ ಮೂಡುತ್ತದೆ. ಆದ್ದರಿಂದ ಒಳಗೆಲ್ಲ ಸಮನಾಗಿ ಬೆಳಗುವ ಟೊಳ್ಳು ಗೋಳದೆದುರು ಕ್ಯಾಮೆರಾ ಇಟ್ಟು, ಪ್ರತಿ ಸಂವೇದಕದ ವ್ಯತ್ಯಾಸವನ್ನು ಅಳೆದು ದಾಖಲಿಸಬೇಕು.

ಕಡಲಿಗೆ ಇಷ್ಟು ಸಾಲದು. ಕಡಲನ್ನು ನೋಡುವ ಕ್ಯಾಮೆರಾಕ್ಕೆ ತಲುಪುವ ಬೆಳಕಿನ ಬಹುಪಾಲು ವಾಯುಮಂಡಲದಲ್ಲಿ ಚದುರಿದ್ದು. ನೀರಿನೊಳಗಿಂದ ಬರುವುದು ಅಲ್ಪ. ಅಳತೆ ತುಸು ತಪ್ಪಿದರೂ ಸೂಕ್ಷ್ಮ ಪಾಚಿಯ ಹರಿತ್ತಿನ ಲೆಕ್ಕ ಕೆಡುತ್ತದೆ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1ರ ಕ್ಯಾಮೆರಾಕ್ಕೆ 8 ವರ್ಣಪಟ್ಟಿಗಳು. ನೀರಿನ ಮೇಲಿನ ಬಿಸಿಲ ಪ್ರತಿಫಲನ ತಪ್ಪಿಸಲು ಅದನ್ನು 20 ಡಿಗ್ರಿ ಓರೆ ಮಾಡುವ ವ್ಯವಸ್ಥೆಯೂ ಇತ್ತು. 2022ರ ನವೆಂಬರ್ 26ರ ಇಒಎಸ್-06ರಲ್ಲಿ ಪಟ್ಟಿಗಳು 13ಕ್ಕೇರಿದವು. ಹರಿತ್ತು ಮತ್ತು ನೀರಿನ ಉಷ್ಣತೆಯ ಇಂಥ ಉಪಗ್ರಹ ಮಾಹಿತಿಯಿಂದಲೇ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮೀನು ಸಿಗಬಹುದಾದ ಜಾಗಗಳ ಸೂಚನೆ ಕೊಡುತ್ತದೆ.

ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ತಯಾರಾದ ಉಪಕರಣಗಳು ಬೆಂಗಳೂರಿನಲ್ಲಿ ಉಪಗ್ರಹಕ್ಕೆ ಜೋಡಣೆಯಾಗುತ್ತವೆ. ಮಸೂರಕ್ಕೆ ಧೂಳು ಕೂರದಂತೆ ಶುದ್ಧಕೋಣೆಯಲ್ಲೇ ಕೆಲಸ. ರಾಕೆಟ್ಟಿನ ನಡುಕ, ಅಬ್ಬರವನ್ನು ಕೃತಕವಾಗಿ ಕೊಟ್ಟು ನೋಡುತ್ತಾರೆ. ನಿರ್ವಾತ ಕೋಣೆಯಲ್ಲಿ ಬಿಸಿ-ತಣ್ಣಗೆ ಒಡ್ಡುತ್ತಾರೆ. ಕ್ಯಾಮೆರಾದ ದಿಕ್ಕು ಕದಲಿದೆಯೇ ಎಂದು ಮತ್ತೆ ಅಳೆಯುತ್ತಾರೆ. ಇಂಧನ ತುಂಬುವುದು ಶ್ರೀಹರಿಕೋಟಾದಲ್ಲಿ.

ಮೋಡಕ್ಕೆ ಉತ್ತರ, ಅದರ ಮೂಲಕವೂ ನೆಲ ನೋಡಬಲ್ಲ ರೇಡಾರ್. 2012ರ ಏಪ್ರಿಲ್ 26ರಂದು ರಿಸ್ಯಾಟ್-1 ಹಾರಿತು. 2025ರ ಜುಲೈ 30ರಂದು ಇಸ್ರೋ-ನಾಸಾ ಜಂಟಿ ನಿಸಾರ್. ಬೆಂಗಳೂರಿನ ಪರೀಕ್ಷೆಗಳ ಬಳಿಕ, ಮಡಚಿಟ್ಟ ಸ್ಥಿತಿಯಲ್ಲಿ ನಿಸಾರ್‌ನ 12 ಮೀಟರ್ ಆಂಟೆನಾ ಪ್ರತಿಫಲಕ ಎಣಿಸಿದ್ದಕ್ಕಿಂತ ಹೆಚ್ಚು ಬಿಸಿಯಾಗಬಹುದೆಂದು ಗೊತ್ತಾಯಿತು. 2024ರಲ್ಲಿ ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು, ಬಿಸಿಲು ತಡೆಯುವ ವಿಶೇಷ ಲೇಪ ಹಾಕಿಸಿ ತರಲಾಯಿತು. ಉಡಾವಣೆ ಮುಂದಕ್ಕೆ ಹೋಯಿತು. ಆದರೆ ಕಕ್ಷೆಗೇರಿದ ಮೇಲೆ ಇಂಥ ರಿಪೇರಿಗೆ ಅವಕಾಶವೇ ಇಲ್ಲ.

ಹಾರಿದ ಮೇಲೆ ಸಂವೇದಕಗಳು ಹಳತಾಗುತ್ತವೆ. ಓಷನ್‌ಸ್ಯಾಟ್-2ರ ಅಳತೆಯನ್ನು ಲಕ್ಷದ್ವೀಪದ ಕವರತ್ತಿ ಬಳಿ ನೀರಿನಲ್ಲೇ ತಾಳೆ ನೋಡಿದ್ದು ಇದಕ್ಕೇ. ಪ್ರಯೋಗಾಲಯದಲ್ಲಿ ಕೊಟ್ಟ ಮೊದಲ ಅಳತೆ ನೆಟ್ಟಗಿದ್ದರೆ ಮಾತ್ರ ಆಮೇಲಿನ ತಿದ್ದುಪಡಿಗೆ ಅರ್ಥ.