ಹೊಸ ಡ್ರೈವರ್ ಬಂತು, ಗಣಕ ನಿಂತಿತು

ಅಂದು 2024ರ ಜುಲೈ 19, ಶುಕ್ರವಾರ. ಬೆಳಿಗ್ಗೆ 9.39ರ ನಂತರ ಪ್ರಪಂಚದ ನಾನಾ ಕಡೆ ಗಣಕಯಂತ್ರಗಳ ಪರದೆಗಳು ಒಂದೊಂದಾಗಿ ನೀಲಿಯಾಗತೊಡಗಿದವು. ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಕೆಲಸ ನಿಂತಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು. ದೇಶದ ಕೆಲವೆಡೆ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಮೈಕ್ರೊಸಾಫ್ಟ್ ಅಂದಾಜಿನಂತೆ ಹೀಗೆ ಕುಸಿದ ಯಂತ್ರಗಳು 85 ಲಕ್ಷ.

ಇದು ವೈರಸ್ಸಿನ ಕೆಲಸವೂ ಅಲ್ಲ, ಶತ್ರುಗಳ ದಾಳಿಯೂ ಅಲ್ಲ. ಕಾವಲಿಗೆಂದು ಹಾಕಿಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶಕ್ಕೆ ಬಂದ ಒಂದು 'ಅಪ್‌ಡೇಟ್' ಇಷ್ಟಕ್ಕೆಲ್ಲ ಕಾರಣ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಒಂದು ಸಣ್ಣ ಕಡತ ಇಡೀ ಯಂತ್ರವನ್ನು ಕೆಡವುವುದು ಹೇಗೆ? ಇದಕ್ಕೆ 'ಡ್ರೈವರ್' ಎಂದರೇನೆಂದು ತಿಳಿಯಬೇಕು. ಪ್ರಿಂಟರ್, ಸ್ಕ್ಯಾನರ್, ಧ್ವನಿ, ಚಿತ್ರ ಹೀಗೆ ಪ್ರತಿಯೊಂದು ಸಾಧನಕ್ಕೂ ಗಣಕಕ್ಕೂ ನಡುವೆ ದುಭಾಷಿಯಂತಿರುವ ತಂತ್ರಾಂಶವೇ ಡ್ರೈವರ್. ನಾವು ಬಳಸುವ ಸಾಮಾನ್ಯ ತಂತ್ರಾಂಶಗಳಿಗೆ ಜಗುಲಿಯವರೆಗೆ ಮಾತ್ರ ಪ್ರವೇಶ. ಅವು ಎಡವಿದರೆ ಅವನ್ನಷ್ಟೇ ಹೊರಗೆ ಹಾಕಬಹುದು. ಆದರೆ ಅನೇಕ ಡ್ರೈವರುಗಳು 'ಕರ್ನೆಲ್' ಎಂಬ ಒಳಮನೆಯಲ್ಲೇ ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ ಮಾಹಿತಿಯೇ ಕೆಟ್ಟುಹೋದೀತೆಂದು ವಿಂಡೋಸ್ ತಾನಾಗಿ ಎಲ್ಲವನ್ನೂ ನಿಲ್ಲಿಸುತ್ತದೆ. ನೀಲಿ ಪರದೆ ಎಂದರೆ ಇದೇ.

ಈ ತೊಂದರೆ ಹೊಸದೇನಲ್ಲ. 1998ರ ಏಪ್ರಿಲ್‌ನಲ್ಲಿ ಅಮೆರಿಕದ ಷಿಕಾಗೊ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ಸಮ್ಮುಖದಲ್ಲೇ, ಇನ್ನೂ ಬಿಡುಗಡೆಯಾಗದಿದ್ದ ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿ ತೋರಿಸಲಾಯಿತು. ಗಣಕ ತಾನೇ ಸಾಧನವನ್ನು ಗುರುತಿಸಿ ಡ್ರೈವರ್ ಹಾಕಿಕೊಳ್ಳಬೇಕಿತ್ತು. ಬಂದದ್ದು ನೀಲಿ ಪರದೆ. ಸಭೆ ನಗೆಗಡಲಲ್ಲಿ ಮುಳುಗಿತು. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಬಂಧವೊಂದು, ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇ. 85ಕ್ಕೆ ಡ್ರೈವರುಗಳೇ ಕಾರಣ ಎಂದಿತು.

ಪರಿಹಾರದ ಹುಡುಕಾಟ ಎರಡು ದಾರಿಯಲ್ಲಿ ಸಾಗಿತು. ಮೊದಲನೆಯದು, ತಪ್ಪನ್ನು ಮುಂಚೆಯೇ ಹಿಡಿಯುವುದು. ಮೈಕ್ರೊಸಾಫ್ಟ್ ಸಂಶೋಧನಾ ವಿಭಾಗದಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಾಮಣಿ ನಡೆಸಿದ 'ಸ್ಲ್ಯಾಮ್' ಯೋಜನೆ, ಡ್ರೈವರನ್ನು ಓಡಿಸದೆಯೇ ಅದರ ದೋಷ ಪತ್ತೆಹಚ್ಚುವ ವಿಧಾನ ಕೊಟ್ಟಿತು. ರಾಜಾಮಣಿ ಮುಂದೆ ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದ ಮುಖ್ಯಸ್ಥರಾದರು.

ಎರಡನೆಯದು, ಎಡವಿದ ಮೇಲೆ ಹಿಂದಕ್ಕೆ ಬರುವುದು. ತೀರಾ ಅಗತ್ಯವಾದ ಡ್ರೈವರುಗಳಿಂದಷ್ಟೇ ಗಣಕವನ್ನು ಚಾಲೂ ಮಾಡುವ 'ಸೇಫ್ ಮೋಡ್' ವಿಂಡೋಸ್ 95ರಲ್ಲೇ ಇತ್ತು. 2000ದಲ್ಲಿ 'ಸಿಸ್ಟಮ್ ರಿಸ್ಟೋರ್', 2001ರಲ್ಲಿ ಹಳೆಯ ಡ್ರೈವರಿಗೆ ಮರಳುವ 'ರೋಲ್ ಬ್ಯಾಕ್' ಸೇರಿದವು.

2024ರಲ್ಲಿ ನಡೆದದ್ದು ಇವೆರಡರ ಪರೀಕ್ಷೆ. ಡ್ರೈವರ್ ತಪಾಸಣೆಗೊಳಗಾಗಿತ್ತು, ಅದು ಓದುವ ಮಾಹಿತಿ ಕಡತ ಮಾತ್ರ ಹೊಸದು. 20 ಅಂಶಗಳಿದ್ದಲ್ಲಿ ಆ ಕಡತ 21ನೆಯದನ್ನು ಕೇಳಿತು. ಇಲ್ಲದ್ದನ್ನು ಹುಡುಕಹೋದ ಡ್ರೈವರ್ ಮುಗ್ಗರಿಸಿತು. ಸಂಸ್ಥೆ 78 ನಿಮಿಷಗಳಲ್ಲಿ ಕಡತ ಹಿಂತೆಗೆದುಕೊಂಡರೂ, ಕುಸಿದ ಯಂತ್ರ ಪೂರ್ತಿ ಚಾಲೂ ಆಗದೆ ಸರಿಪಡಿಸಿದ ಕಡತವನ್ನು ಪಡೆಯುವುದು ಹೇಗೆ? ಲಕ್ಷಾಂತರ ಯಂತ್ರಗಳ ಮುಂದೆ ತಂತ್ರಜ್ಞರು ಖುದ್ದಾಗಿ ಕುಳಿತು, ಸೇಫ್ ಮೋಡ್‌ನಂಥ ಹಳೆಯ ಬಾಗಿಲಿನಿಂದ ಒಳಹೊಕ್ಕು, ಆ ಒಂದು ಕಡತವನ್ನು ಅಳಿಸಬೇಕಾಯಿತು. ಎಲ್ಲರಿಗೂ ಏಕಕಾಲಕ್ಕೆ ಕಳಿಸುವ ಬದಲು ಹಂತಹಂತವಾಗಿ ಕಳಿಸಬೇಕೆಂಬ ಪಾಠವನ್ನು ಸಂಸ್ಥೆ ಆಮೇಲೆ ಕಲಿಯಿತು.

ಮನೆಯ ಗಣಕಕ್ಕೂ ಇದೇ ನೀತಿ. ಅಪ್‌ಡೇಟ್ ಆದ ಮೇಲೆ ಯಂತ್ರ ಕುಸಿದರೆ ಗಾಬರಿ ಬೇಡ. ಪರದೆಯ ಮೇಲಿನ ಸಂದೇಶ ಮತ್ತು ಕಡತದ ಹೆಸರನ್ನು ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ಸರಿಯಾಗಿ ನಡೆದರೆ ಅನುಮಾನ ಡ್ರೈವರಿನ ಮೇಲೆಯೇ ಹೆಚ್ಚು. ಆಗ 'ಡಿವೈಸ್ ಮ್ಯಾನೇಜರ್' ತೆರೆದು, ಕೊನೆಗೆ ಬದಲಾದ ಸಾಧನದ ಡ್ರೈವರನ್ನು 'ರೋಲ್ ಬ್ಯಾಕ್' ಮಾಡಿ. ಅದೂ ಆಗದಿದ್ದರೆ ಸಿಸ್ಟಮ್ ರಿಸ್ಟೋರ್ ಇದೆ. ಮುಖ್ಯ ಕಡತಗಳ ಪ್ರತಿಯೊಂದು ಬೇರೆ ಕಡೆ ಇದ್ದರಂತೂ ಅರ್ಧ ಚಿಂತೆ ಕಳೆದಂತೆ.

2025ರಲ್ಲಿ ಮೈಕ್ರೊಸಾಫ್ಟ್ ನೀಲಿ ಪರದೆಯನ್ನು ಕಪ್ಪಾಗಿಸಿತು. ಬಣ್ಣ ಬದಲಾಯಿತೆಂದು ಅಪಾಯವೇನೂ ತಪ್ಪಲಿಲ್ಲ. ಅಪ್‌ಡೇಟ್ ಬೇಡವೆಂದು ಕೂರುವುದೂ ಜಾಣತನವಲ್ಲ, ಹಳೆಯ ದೋಷಗಳು ಕಳ್ಳರಿಗೆ ತೆರೆದ ಬಾಗಿಲು. ಹೊಸದನ್ನು ಬರಮಾಡಿಕೊಳ್ಳೋಣ, ಹಿಂದಕ್ಕೆ ಬರುವ ದಾರಿಯನ್ನು ಮಾತ್ರ ಮುಚ್ಚದಿರೋಣ.