ಕೋಟೆಯೊಳಗಿನ ನೀರು ಯಾರದು?



ಕೋಟೆ ಅಂದ ಕೂಡಲೇ ನಮಗೆ ನೆನಪಾಗೋದು ಗೋಡೆ, ಬುರುಜು, ಫಿರಂಗಿ, ರಾಜರ ಹೆಸರು. ಇವತ್ತು ನಾನು ಬರೀತಿರೋದು ಕೋಟೆಯ ನೀರಿನ ಬಗ್ಗೆ. ಮಹಾರಾಷ್ಟ್ರದ ಬೆಟ್ಟಸಾಲಿನಲ್ಲಿ ಬಾಬಾಸಾಹೇಬರು ಕಾಲಿಟ್ಟ ಎರಡು ಕೋಟೆಗಳನ್ನು, ದೌಲತಾಬಾದ್ ಮತ್ತು ರಾಯಗಡವನ್ನು, ಸಂಗಾತಿಗಳ ಜೊತೆ ನೋಡಿ ಬಂದೆ. ಬಂದಾಗಿನಿಂದ ತಲೆಯಲ್ಲಿ ಇದೇ ಓಡ್ತಿದೆ.

ಮೊದಲು ದೌಲತಾಬಾದ್. ಹಳೆಯ ಹೆಸರು ದೇವಗಿರಿ, ಸೇವುಣರ ರಾಜಧಾನಿ. ಸೇವುಣರ ಎಷ್ಟೋ ಶಾಸನಗಳು ಕನ್ನಡದಲ್ಲೇ ಇವೆ, ಹಾಗಾಗಿ ಅದು ನಮಗೆ ಪರಕೀಯ ಜಾಗವೇನಲ್ಲ. ಒಂಟಿ ಬಂಡೆಬೆಟ್ಟ. ಯಾರೂ ಹತ್ತಬಾರದು ಅಂತ ಬೆಟ್ಟದ ಬುಡವನ್ನೇ ಸುತ್ತಲೂ ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದಾರೆ. ಅದರ ಕೆಳಗೆ ಬಂಡೆಯಲ್ಲೇ ಕೊರೆದ ಕಂದಕ. ಮೇಲೆ ಹೋಗಬೇಕಾದರೆ ಕತ್ತಲ ಸುರಂಗ ದಾಟಬೇಕು. ನಮ್ಮ ಜೊತೆ ಬಂದ ಗೈಡ್ ಆ ಸುರಂಗದಲ್ಲಿ ಶತ್ರುಗಳನ್ನು ಹೇಗೆ ಕೊಲ್ಲುತ್ತಿದ್ದರು ಅಂತ ಹುರುಪಿನಿಂದ ಹೇಳಿದರು.

ಇಷ್ಟೆಲ್ಲಾ ಇದ್ದರೂ ಕೋಟೆಯನ್ನು ಉಳಿಸೋದು ಬರೀ ಗೋಡೆಯಲ್ಲ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದಾಗ, ಧಾನ್ಯ ಅಂತ ಒಳಗೆ ತಂದಿಟ್ಟ ಮೂಟೆಗಳಲ್ಲಿ ಉಪ್ಪು ಸಿಕ್ಕಿತು, ರಾಮಚಂದ್ರ ರಾಜ ಶರಣಾಗಬೇಕಾಯಿತು ಅನ್ನೋ ಕಥೆಯಿದೆ. 1633ರಲ್ಲಿ ಮೊಘಲರ ಮುತ್ತಿಗೆಯಲ್ಲೂ ಹಸಿವು ಕೋಟೆಯನ್ನು ಕಂಗೆಡಿಸಿತ್ತು. ಬೆಟ್ಟದ ಕೋಟೆಯ ಜೀವ ಇರೋದು ಕಣಜದಲ್ಲಿ ಮತ್ತು ಕೊಳದಲ್ಲಿ. ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಂಡೆ ಕಡಿಸಿ ನೀರು ನಿಲ್ಲಿಸಿದರು.

ಅಂಥ ಕೋಟೆಗೆ 1934ರಲ್ಲಿ ಬಾಬಾಸಾಹೇಬರು ಬಂದರು. ಜೊತೆಯಲ್ಲಿ ಸುಮಾರು ಮೂವತ್ತು ಜನ ಸಂಗಾತಿಗಳು. ವೇರೂಳದ ಬೌದ್ಧ ಗುಹೆಗಳನ್ನು ನೋಡುವ ಆಸೆಯಿಂದ ನಾಸಿಕ್‌ನಿಂದ ಹೊರಟ ಪ್ರವಾಸ ಅದು. ಅಸ್ಪೃಶ್ಯರು ಅಂತ ತಿಳಿದರೆ ತೊಂದರೆ ಆಗುತ್ತದೆಂದು ಪ್ರವಾಸದ ಸುದ್ದಿಯನ್ನು ಬೇಕಂತಲೇ ಹೊರಗೆ ಬಿಟ್ಟಿರಲಿಲ್ಲ. ಆಗಲೇ ಅವರು ವಿದೇಶದಲ್ಲಿ ಡಾಕ್ಟರೇಟ್ ಪಡೆದವರು, ಬ್ಯಾರಿಸ್ಟರ್, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ನಮ್ಮ ಪರವಾಗಿ ಮಾತಾಡಿದವರು. ಅಂಥವರೂ ಒಂದು ಕೋಟೆ ನೋಡೋಕೆ ಗುಟ್ಟಾಗಿ ಹೋಗಬೇಕಿತ್ತು.

ಕೋಟೆ ಬಾಗಿಲ ಹೊರಗೆ ತುಂಬಿದ ಒಂದು ಸಣ್ಣ ಕೊಳ, ಸುತ್ತ ಕಲ್ಲುಹಾಸು. ದಾರಿಯ ಧೂಳು ಮೆತ್ತಿಕೊಂಡಿದ್ದ ಕೆಲವರು ಅಲ್ಲಿ ಮುಖ, ಕಾಲು ತೊಳೆದರು. ಬಾಗಿಲೊಳಗೆ ಹೋಗಿ ಅನುಮತಿ ಕೇಳುತ್ತಿರುವಾಗ ಹಿಂದಿನಿಂದ ಒಬ್ಬ ಮುಸ್ಲಿಂ ಮುದುಕ ಕೊಳ ಮೈಲಿಗೆಯಾಯಿತು ಅಂತ ಕೂಗಿಕೊಂಡು ಬಂದ. ರಂಜಾನ್ ತಿಂಗಳು, ಜನ ಸೇರಿಬಿಟ್ಟರು. ಬೈಗುಳ ಸುರಿಯಿತು. ನಿಮ್ಮ ಧರ್ಮ ಇದನ್ನೇ ಕಲಿಸುತ್ತದೆಯೇ, ಅಸ್ಪೃಶ್ಯನೊಬ್ಬ ಮುಸ್ಲಿಮನಾದರೆ ಈ ನೀರು ಮುಟ್ಟಲು ಬಿಡೋದಿಲ್ಲವೇ ಎಂದು ಬಾಬಾಸಾಹೇಬರು ಕೇಳಿದಾಗ ಗುಂಪು ಸುಮ್ಮನಾಯಿತು. ಕೊನೆಗೆ ಒಳಗೆ ಬಿಟ್ಟರು. ಷರತ್ತು ಒಂದೇ: ಕೋಟೆಯೊಳಗೆ ಎಲ್ಲೂ ನೀರು ಮುಟ್ಟಕೂಡದು. ಮುಟ್ಟದಂತೆ ನೋಡಿಕೊಳ್ಳಲು ಆಯುಧ ಹಿಡಿದ ಒಬ್ಬ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಇದನ್ನೆಲ್ಲ ಬಾಬಾಸಾಹೇಬರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ.

ಸ್ವಲ್ಪ ಯೋಚನೆ ಮಾಡಿ. ಶತ್ರು ಸೈನ್ಯ ತಡೆಯೋಕೆ ಕಟ್ಟಿದ ಕೋಟೆಯ ಸಿಪಾಯಿ ಅವತ್ತು ಕಾದದ್ದು ಬೊಗಸೆ ನೀರನ್ನು.

ಈ ಕಥೆ ಹಿಡಿದು ಮುಸ್ಲಿಮರನ್ನು ಬೈಯೋಕೆ ಹೊರಡುವವರು ರಾಯಗಡದ ಕಡೆಗೂ ಬರಬೇಕು. ದೌಲತಾಬಾದಿಗೆ ಏಳು ವರ್ಷ ಮೊದಲಿನ ಮಾತು. ರಾಯಗಡದ ಬುಡಕ್ಕೆ ಹತ್ತಿರದ ಊರು ಮಹಾಡ್. 1927ರ ಮಾರ್ಚ್ 20ರಂದು ನಮ್ಮ ಜನ ಅಲ್ಲಿನ ಚವದಾರ್ ಕೆರೆ ನೀರು ಕುಡಿದರು. ಸವರ್ಣ ಹಿಂದೂಗಳು ಅವರ ಮೇಲೆ ಹಲ್ಲೆ ಮಾಡಿದರು, ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಡಿಸೆಂಬರ್‌ನ ಎರಡನೇ ಸಮ್ಮೇಳನಕ್ಕೆ ಜಾಗ ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟದ್ದು ಆ ಜಾಗದಲ್ಲೇ. ಆದರೆ ಕೋರ್ಟಿನ ತಡೆ ಇದ್ದದ್ದರಿಂದ ಈ ಸಲ ಕೆರೆ ನೀರು ಮುಟ್ಟಲಿಲ್ಲ. ಸಮ್ಮೇಳನ ಮುಗಿಸಿ ಬಾಬಾಸಾಹೇಬರು ರಾಯಗಡಕ್ಕೆ ಹೋದರು. ಕೆರೆಯ ಕೇಸು ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಜಾತಿ ಯಾವ ಒಂದು ಧರ್ಮದ ಗೋಡೆಯೊಳಗೂ ನಿಲ್ಲೋದಿಲ್ಲ, ಬಾಬಾಸಾಹೇಬರು ಹೇಳಿದ್ದು ಅದನ್ನೇ.

ರಾಯಗಡದ ಮೇಲೆ ಗಂಗಾಸಾಗರ ಅನ್ನೋ ಕೊಳವಿದೆ. 1674ರಲ್ಲಿ ಶಿವಾಜಿಗೆ ಪಟ್ಟಾಭಿಷೇಕ ಆದ ಕೋಟೆ ಇದು. ಮರಾಠರ ಬೆಟ್ಟದ ಕೋಟೆಗಳಲ್ಲಿ ಮಹಾರರು, ಮಾಂಗರು, ರಾಮೋಶಿಗಳು ಕಾವಲಿದ್ದದ್ದು ಇತಿಹಾಸ. ಅವರ ಜಾಗ ಬಹುಪಾಲು ಬುಡದಲ್ಲಿ, ಹೊರಗಡೆ. ಶತ್ರು ಬಂದರೆ ಮೊದಲು ಸಿಕ್ಕೋದು ಅವರೇ. ಊರಿಗೂ ಕೋಟೆಗೂ ಒಂದೇ ನಕ್ಷೆ ನೋಡಿ. ಕೇರಿ ಹೊರಗೆ, ಕಾಯುವ ಕೆಲಸ ನಮ್ಮದು, ನೀರು ಅವರದು. ಇದೇ ಜನರನ್ನು ಬ್ರಿಟಿಷರು 1890ರ ದಶಕದಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಸುಬೇದಾರನ ಮಗ ಬಾಬಾಸಾಹೇಬರು ಅದಕ್ಕಾಗಿ ಹೋರಾಡಿದರು. ಮಹಾರ್ ರೆಜಿಮೆಂಟ್ ಹುಟ್ಟಿದ್ದು 1941ರ ಅಕ್ಟೋಬರ್ 1ರಂದು, ನಮ್ಮ ಬೆಳಗಾವಿಯಲ್ಲಿ.

ಈಗ ನಮ್ಮ ಚಿತ್ರದುರ್ಗಕ್ಕೆ ಬನ್ನಿ. ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ಹೊರಟಿದ್ದಾಳೆ. ಎಲ್ಲಿಗೆ? ನೀರಿಗೆ! ನೀರು ತರೋಕೆ ಹೋದ ಛಲವಾದಿ ಹೆಣ್ಣುಮಗಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಎತ್ತಿದಳು. ನಾವು ಒನಕೆಯನ್ನು ನೆನಪಿಟ್ಟುಕೊಂಡೆವು, ಕೊಡವನ್ನು ಮರೆತೆವು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡ್ತಿದೆ, ಸಂತೋಷ. ಆದರೆ ಹಾರ ಹಾಕುವ ಕೈಗಳು ಅವಳ ಕೇರಿಯ ಮಕ್ಕಳಿಗೆ ಊರಿನ ನಲ್ಲಿಯಲ್ಲಿ, ಹೋಟೆಲಿನ ಲೋಟದಲ್ಲಿ ನೀರು ಕೊಡ್ತಾವಾ? ಜಯಂತಿಯ ಭಾಷಣದಲ್ಲಿ ಈ ಪ್ರಶ್ನೆ ಬರಬೇಕು.

ಕೋಟೆಗಳಿಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವು ನಮ್ಮವೂ ಹೌದು. ನಮ್ಮ ಪೂರ್ವಜರ ಬೆವರು, ರಕ್ತ ಎರಡೂ ಆ ಕಲ್ಲುಗಳ ಮೇಲಿದೆ. ರಾಜನ ಅರಮನೆ ಎಲ್ಲಿತ್ತು ಅಂತ ಗೈಡ್ ತೋರಿಸುತ್ತಾರೆ. ಕೊಳ ಎಲ್ಲಿದೆ, ಅದನ್ನು ಕಡಿದವರು ಯಾರು, ಕುಡಿದವರು ಯಾರು ಅನ್ನೋದನ್ನು ನಾವೇ ಕೇಳಬೇಕು.